ಅಕ್ಕನ ದಾಖಲೆಯ ಮೇಲೆ ಸಿಕ್ಕ ಸೀಟು

ಪ್ರವೇಶ ಪರೀಕ್ಷೆಯಲ್ಲಿ ನನಗೆ ಎಪ್ಪತ್ತನಾಲ್ಕು ಪರ್ಸೆಂಟೈಲ್ ಬಂದಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಸುಳ್ಳು ಹೇಳಬೇಕೆಂದಲ್ಲ, ನನ್ನ ತಲೆಯಲ್ಲಿ ಇದ್ದದ್ದೇ ಆ ಸಂಖ್ಯೆ. ಹೋದ ತಿಂಗಳು ಪಾಸ್‌ಪೋರ್ಟಿನ ಕೆಲಸಕ್ಕೆಂದು ಅವ್ವನ ಟ್ರಂಕಿನಲ್ಲಿ ಹಳೆಯ ಕಾಗದಗಳನ್ನು ಹುಡುಕುವಾಗ ಅಂಕಪಟ್ಟಿ ಕೈಗೆ ಬಂತು. ಅರವತ್ತೆಂಟು ಚಿಲ್ಲರೆ. ಎರಡು ಸಲ ಓದಿದೆ. ಹೆಸರು ನನ್ನದೇ, ಫೋಟೊ ನನ್ನದೇ, ಇನ್ನೂ ಸರಿಯಾಗಿ ಮೀಸೆ ಮೂಡದ ಮುಖವೂ ನನ್ನದೇ.

ಪುಣೆಯ ಮಗರಪಟ್ಟಾದ ಒಂದು ಕಚೇರಿಯಲ್ಲಿ ಬೇರೆಯವರು ತುಂಬಿದ ಮಾಹಿತಿಯಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಮೂಲ ಕಾಗದ ನೋಡದೆ ಯಾವುದನ್ನೂ ನಂಬಬಾರದು ಎನ್ನುವುದೊಂದನ್ನು ಕಾಲೇಜು ನನಗೆ ಚೆನ್ನಾಗಿ ಕಲಿಸಿತು. ಆದರೆ ನನ್ನದೇ ಲೆಕ್ಕದಲ್ಲಿ ಐದಾರು ಪರ್ಸೆಂಟೈಲ್ ಯಾವಾಗ ಬಂದು ಸೇರಿಕೊಂಡಿತೋ ನನಗೆ ಗೊತ್ತಿಲ್ಲ. ಅಷ್ಟು ಸೇರಿಸಿಕೊಂಡ ತಲೆ ಇನ್ನೇನೇನು ಸೇರಿಸಿರಬಹುದು, ಏನೇನು ಅಳಿಸಿರಬಹುದು ಎಂಬ ಯೋಚನೆ ಅಂದಿನಿಂದ ಬಿಡಲಿಲ್ಲ. ಯಾಕೆಂದರೆ ಆ ವರ್ಷದ ಒಂದು ಮಧ್ಯಾಹ್ನದ ನೆನಪಿನ ಮೇಲೆ ನಾನು ಅಪ್ಪನನ್ನು ತಪ್ಪಿತಸ್ಥರನ್ನಾಗಿ ಮಾಡಿದ್ದೇನೆ. ಅಕ್ಕನಿಗೆ ಸಿಗಬೇಕಿದ್ದದ್ದು ನನಗೆ ಸಿಕ್ಕಿತು, ಅಪ್ಪ ನೋಡುತ್ತ ಸುಮ್ಮನೆ ಕೂತರು. ಇದು ನನ್ನ ಆರೋಪ.

ಮೊದಲಿನಿಂದ ಹೇಳುತ್ತೇನೆ.

ಅಪ್ಪ ಮದುವೆಗೂ ಮೊದಲೇ ವಿಜಯಪುರದ ಕಡೆಯಿಂದ ಪುಣೆಗೆ ಬಂದವರು. ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರದ ಅಂಗಡಿಯೊಂದರಲ್ಲಿ ಗುಮಾಸ್ತರು. ಮನೆ ಬಿಬವೇವಾಡಿಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಇಬ್ಬರೂ ಓದಿದ್ದು ಒಂದೇ ಮರಾಠಿ ಶಾಲೆಯಲ್ಲಿ.

ಇಲ್ಲಿನ ಶಾಲೆಗಳಲ್ಲಿ ಮಗುವನ್ನು ಸೇರಿಸುವಾಗ ಮಾತೃಭಾಷೆ ಯಾವುದೆಂದು ಒಂದು ಕಾಲಮ್ಮಿನಲ್ಲಿ ತುಂಬಬೇಕು. ಶಾಲೆ ಬಿಡುವಾಗ ಕೊಡುವ ದಾಖಲೆಯಲ್ಲೂ ಅದು ಹಾಗೆಯೇ ಇಳಿಯುತ್ತದೆ. ನಮ್ಮ ಮನೆಯಲ್ಲಿ ಅದನ್ನು 'ದಾಖಲಾ' ಎನ್ನುತ್ತೇವೆ. ಅಕ್ಕನ ದಾಖಲೆಯಲ್ಲಿ ಅಪ್ಪ ಕನ್ನಡ ಎಂದು ಬರೆಸಿದ್ದರು. ನನ್ನದರಲ್ಲಿ ಮರಾಠಿ. ಮರೆತು ಆದದ್ದಲ್ಲ, ಯೋಚಿಸಿ ಮಾಡಿದ್ದು. ಅವ್ವ ಈ ಕತೆಯನ್ನು ಎಷ್ಟೋ ಸಲ ಹೇಳಿದ್ದಾಳೆ. ಅಪ್ಪ ಅಂದಿದ್ದರಂತೆ: "ಆಕಿನ್ನ ನಾಳೆ ನಮ್ಮ ಕಡೀಗೆ ಕೊಡೂದು, ಕನ್ನಡ ಅಂತ ಇದ್ರ ಚಲೋ. ಇಂವ ಇಲ್ಲೇ ಬಾಳ್ವಿ ಮಾಡಾಂವ. ಮರಾಠಿ ಅಂತ ಇದ್ರ ಯಾರೂ ಹೊರಗಿನಾಂವ ಅನ್ನೂದಿಲ್ಲ."

ಅದೇ ತರ್ಕದಿಂದ ಅವ್ವ ಅಕ್ಕನಿಗೆ ಕನ್ನಡ ಓದು ಬರಹ ಕಲಿಸಿದಳು. ಹೋಗುವ ಮನೆಯಲ್ಲಿ ಅತ್ತೆಗೆ ಪುರಾಣ ಓದಿ ಹೇಳಲು ಬರಬೇಕಲ್ಲ. ನನಗೆ ಕಲಿಸಲಿಲ್ಲ. ಸಂಜೆ ಅವರಿಬ್ಬರೂ ಸ್ಲೇಟು ಹಿಡಿದು ಕೂತಾಗ ನಾನು ಕೆಳಗೆ ಕ್ರಿಕೆಟ್ ಆಡುತ್ತಿದ್ದೆ. ಈಗ ಬರೆಯುತ್ತಿರುವ ಈ ಕನ್ನಡ ಇಪ್ಪತ್ತರ ನಂತರ, ನಾಚಿಕೆಗೆ ಕಲಿತದ್ದು. ಕಚೇರಿಯಲ್ಲಿರುವ ಬೆಂಗಳೂರು ಕಡೆಯ ಗೆಳೆಯನೊಬ್ಬ ನನ್ನ ಮಾತು ಕೇಳಿ "ಗುರೂ, ನೀನು ಬರೆದ್ರೆ ಟೆಕ್ಸ್ಟ್‌ಬುಕ್, ಬಾಯಿ ಬಿಟ್ರೆ ಸಬ್‌ಟೈಟಲ್ ಬೇಕು" ಎಂದು ನಗುತ್ತಾನೆ. ತಪ್ಪೇನಿಲ್ಲ.

ಅಕ್ಕ ಹನ್ನೆರಡನೆಯ ತರಗತಿ ಮುಗಿಸಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಬರೆದಳು. ಆಗ ಅಂಕಗಳನ್ನು ಇನ್ನೂರಕ್ಕೆ ಕೊಡುತ್ತಿದ್ದರು. ಪರ್ಸೆಂಟೈಲ್ ಬಂದದ್ದು ಆಮೇಲೆ. ಅವಳಿಗೆ ಎಷ್ಟು ಬಂತೆಂಬುದು ನನಗೆ ನೆನಪಿಲ್ಲ. ಹತ್ತಿರದ ಯಾವ ಕಾಲೇಜಿನಲ್ಲೂ ಸಾಮಾನ್ಯ ಸೀಟು ಸಿಗುವಷ್ಟು ಇರಲಿಲ್ಲ ಎನ್ನುವುದು ಮಾತ್ರ ಗೊತ್ತು. ಅಪ್ಪ ಎರಡು ದಿನ ಪಟ್ಟಿಗಳನ್ನು ನೋಡಿದರು. ಮೂರನೆಯ ದಿನ, ಮನೆ ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ. ಆದರೆ ಹೋಗಿ ಬರುವುದು ಸುಲಭ ಎಂದರು. ಅಕ್ಕ ವಾದ ಮಾಡಲಿಲ್ಲ. ಮಾಡಿದ್ದರೂ ನಾನು ಕೇಳಿಸಿಕೊಂಡಿರಲಿಕ್ಕಿಲ್ಲ.

ಮೂರು ವರ್ಷದ ನಂತರ ನನ್ನ ಸರದಿ ಬಂತು, ನನ್ನ ಅರವತ್ತೆಂಟೂ ಬಂತು. ಈ ಸಲ ಅಪ್ಪ ಮೂರನೆಯ ದಿನಕ್ಕೆ ನಿಲ್ಲಲಿಲ್ಲ. ಅಂಗಡಿಗೆ ಬಂದವರನ್ನೆಲ್ಲ ಕೇಳಿದರು. ಹಮಾಲರ ಮುಕಾದಮನ ಅಳಿಯ ಯಾವುದೋ ಕಾಲೇಜಿನಲ್ಲಿ ಇದ್ದಾನೆಂದು ಅವನ ಮನೆಗೂ ಹೋಗಿ ಬಂದರು. ಕೊನೆಗೆ ಸೊಲ್ಲಾಪುರದಿಂದ ಮಾಲು ಕೊಳ್ಳಲು ಬರುತ್ತಿದ್ದ ವ್ಯಾಪಾರಿಯೊಬ್ಬರು ದಾರಿ ತೋರಿಸಿದರು. ಮಹಾರಾಷ್ಟ್ರದಲ್ಲಿ ಮರಾಠಿಯಲ್ಲದ ಭಾಷೆಯವರು ನಡೆಸುವ ಕಾಲೇಜುಗಳಲ್ಲಿ ಆ ಭಾಷೆಯ ಮನೆಯ ಮಕ್ಕಳಿಗೆಂದು ಸೀಟುಗಳು ಇರುತ್ತವೆ. ಊರಾಚೆ ಕನ್ನಡಿಗರದೇ ಒಂದು ಕಾಲೇಜಿತ್ತು. ಅರ್ಜಿ ಹಾಕುವ ಕನ್ನಡದ ಹುಡುಗರು ಕಡಿಮೆ, ಹಾಗಾಗಿ ನನ್ನಂಥವನಿಗೂ ಅಲ್ಲಿ ಜಾಗ ಆಗಬಹುದು. ಬೇಕಾದದ್ದು ಒಂದೇ, ಮಾತೃಭಾಷೆ ಕನ್ನಡ ಎಂದಿರುವ ದಾಖಲೆ.

ಹಾಗಾಗಿ ಅಪ್ಪ ಹನ್ನೆರಡು ವರ್ಷದ ಹಿಂದೆ ಯೋಚಿಸಿ ಬರೆಸಿದ್ದನ್ನು ಈಗ ಅಳಿಸಬೇಕಾಯಿತು. ನಾವಿಬ್ಬರೂ ಶಾಲೆಗೆ ಹೋದೆವು. ಎಲ್ಲರೂ 'ಬಾಯಿ' ಎಂದು ಕರೆಯುವ ಗುಮಾಸ್ತ ಹೆಂಗಸು ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿದರು. ಅಪ್ಪ ಚೀಲದಿಂದ ಅಕ್ಕನ ದಾಖಲೆ ತೆಗೆದು ಮೇಜಿನ ಮೇಲಿಟ್ಟರು. ಅಕ್ಕನದು ಕನ್ನಡ, ಒಡಹುಟ್ಟಿದ ತಮ್ಮನದು ಮರಾಠಿ ಹೇಗಾದೀತು, ಬರೆಯುವಾಗ ತಪ್ಪಾಗಿದೆ, ತಿದ್ದಿಕೊಡಿ ಎಂದರು. ಆ ಬಾಯಿ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು "ಏಕಾಚ್ ಘರಾತ್ ದೋನ್ ಮಾತೃಭಾಷಾ? ಆಯೀ ಪಣ್ ದೋನ್ ಆಹೇತ್ ಕಾ?" ಎಂದರು. ಒಂದೇ ಮನೆಯಲ್ಲಿ ಎರಡು ಮಾತೃಭಾಷೆಯಾದರೆ ತಾಯಂದಿರೂ ಇಬ್ಬರಿದ್ದಾರಾ ಎಂದು. ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕರು. ಬೈಸಿಕೊಂಡು ನಗುವುದು ಅವರಿಗೆ ಅಂಗಡಿಯಲ್ಲಿ ಅಭ್ಯಾಸವಾಗಿತ್ತು. ನಾಲ್ಕು ಸಲ ಹೋದ ಮೇಲೆ ತಿದ್ದಿದ ದಾಖಲೆ ಸಿಕ್ಕಿತು.

ತಿದ್ದಿದ ದಾಖಲೆಯನ್ನು ಕಾಲೇಜಿನವರು ಸುಮ್ಮನೆ ಒಪ್ಪುವುದಿಲ್ಲವೆಂದೂ ಆ ವ್ಯಾಪಾರಿಯೇ ತಿಳಿಸಿದರು. ಸಂಸ್ಥೆಯ ಹಿರಿಯರೊಬ್ಬರು ಕರೆದು ಮಾತಾಡಿಸುತ್ತಾರೆ, ಏಳನೆಯ ತರಗತಿಯ ಕನ್ನಡ ಪುಸ್ತಕ ಕೊಟ್ಟು ಮೊದಲ ಪಾಠ ಓದಿಸುತ್ತಾರೆ. ಪ್ರತಿ ವರ್ಷವೂ ಅದೇ ಪುಸ್ತಕ, ಅದೇ ಪಾಠ. ಒಡಹುಟ್ಟಿದವರ ದಾಖಲೆ ತೋರಿಸಿದವರು ಅವರನ್ನೂ ಜೊತೆಗೆ ಕರೆತರಬೇಕು.

ನಮ್ಮ ಬಳಿ ಐದು ದಿನವಿತ್ತು. ಐದು ದಿನದಲ್ಲಿ ಲಿಪಿ ಕಲಿಯುವುದಾಗುವುದಿಲ್ಲ ಎಂದು ಅಕ್ಕನೇ ತೀರ್ಮಾನಿಸಿದಳು. ಎಲ್ಲಿಂದಲೋ ಆ ಪುಸ್ತಕ ತಂದು ಮೊದಲ ಪಾಠವನ್ನು ನನಗೆ ಓದಿ ಹೇಳಿದಳು. ನಾನು ಅದನ್ನು ಮರಾಠಿ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಾಯಿಪಾಠ ಮಾಡಿದೆ. ಪಾಠ ಗೀಜಗ ಹಕ್ಕಿಯ ಗೂಡಿನದು. ಗೀಜಗ ಎಂದರೇನೆಂದು ನನಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ. "ತಿಳೀಲಿಲ್ಲಂದ್ರ ನಡೀತದ, ತಡವರಿಸಬ್ಯಾಡ" ಎಂದಳು ಅಕ್ಕ. ಬಿ.ಕಾಂ. ಕೊನೆಯ ವರ್ಷದ ಪರೀಕ್ಷೆ ಮುಗಿಸಿ, ದಿನಕ್ಕೆ ಎಂಟು ತಾಸು ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಟೈಪ್ ಮಾಡಿ ಬಂದು, ಸಂಜೆ ನನಗೆ ಗೀಜಗ ಕಲಿಸುತ್ತಿದ್ದಳು.

ಆ ಮಧ್ಯಾಹ್ನ ನನ್ನ ನೆನಪಿನಲ್ಲಿ ಹೀಗಿದೆ. ಮಹಡಿಯ ಮೇಲೆ ದೊಡ್ಡ ಕೋಣೆ, ಉದ್ದ ಮೇಜು, ಅದರ ಆಚೆ ಬಿಳಿ ಅಂಗಿಯ ಎಂಬತ್ತರ ಹತ್ತಿರದ ಹಿರಿಯರು. ನಾನು ಮೇಜಿನೆದುರು, ಪಕ್ಕದಲ್ಲಿ ಅಕ್ಕ, ಅಪ್ಪ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ. ಹಿರಿಯರು ಊರು ಕೇಳಿದರು, ತಾಲೂಕು ಕೇಳಿದರು, ಯಾರ ಪೈಕಿ ಎಂದೂ ಕೇಳಿದರು. ಆಮೇಲೆ ಪುಸ್ತಕ ಮುಂದಿಟ್ಟರು. ಕಣ್ಣನ್ನು ಸಾಲುಗಳ ಮೇಲೆ ಓಡಿಸುತ್ತ ನಾನು ಸರಾಗವಾಗಿ ಓದಿದೆ, ಅಂದರೆ ಒಪ್ಪಿಸಿದೆ. ಸುಮಾರು ಹೊತ್ತಾದ ಮೇಲೆ ಅವರು ಕೈ ಎತ್ತಿದರು.

"ತಮ್ಮಾ, ಹಕ್ಕಿ ಗೂಡು ಕಟ್ಟಿ ಮುಗಿಸಿ ಮೊಟ್ಟಿ ಇಟ್ಟದ. ಅದು ಮುಂದಿನ ಪುಟದಾಗ. ನೀ ಇನ್ನೂ ಇದೇ ಪುಟಾ ನೋಡ್ಲಿಕ್ಕತ್ತಿ."

ಪುಟ ತಿರುವಬೇಕೆಂದು ನನಗೂ ಅಕ್ಕನಿಗೂ ಹೊಳೆದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಪಾಠ ಒಂದೇ ಪುಟದಲ್ಲಿ ಹಿಡಿದಿತ್ತು. ಹಿರಿಯರು ಸಿಟ್ಟಾಗಲಿಲ್ಲ, ಬೇಸರದಿಂದ ನಕ್ಕರು. "ಪ್ರತಿ ವರ್ಷ ಒಬ್ಬಿಬ್ಬರು ಹಿಂಗೇ ಬರ್ತೀರಿ. ಓದ್ಲಿಕ್ಕೆ ಬರೂದಿಲ್ಲ ಅಂತ ಹೊರಗ ಹಾಕಿದ್ರ ನಮ್ಮ ಸೀಟು ಖಾಲಿ ಉಳೀತಾವ" ಎಂದು ಪುಸ್ತಕವನ್ನು ಅಕ್ಕನ ಕಡೆ ಸರಿಸಿದರು. "ನೀ ಓದವಾ."

ಅಕ್ಕ ಓದಿದಳು, ಪುಟ ತಿರುವಿ ಮುಂದೆಯೂ ಓದಿದಳು. ಅವರು ಸಾಕು ಎನ್ನುವುದನ್ನೇ ಮರೆತು ಕೇಳುತ್ತಿದ್ದರು.

"ನೀ ಏನು ಕಲೀತಿದಿ?"

"ಬಿ.ಕಾಂ. ಆತ್ರಿ."

"ಸೀಇಟಿ ಬರದಿರಲಿಲ್ಲೇನು?"

"ಬರದಿದ್ದೆ ರೀ."

"ಎಷ್ಟು ಬಂದಿದ್ದುವು?"

ಅವಳು ಒಂದು ಸಂಖ್ಯೆ ಹೇಳಿದಳು. ಹಿರಿಯರು ಕನ್ನಡಕ ತೆಗೆದು ಅವಳ ದಾಖಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಅಲ್ಲವಾ, ನಿನ್ನ ದಾಖಲಾ ಮೊದಲಿಂದ ಕನ್ನಡ. ಮೂರು ವರ್ಷದ ಹಿಂದ ಇಷ್ಟು ಮಾರ್ಕ್ಸ್‌ಗೆ ನಿನ್ನ ಕರದು ಸೀಟು ಕೊಡ್ತಿದ್ವಿ. ಯಾರೂ ಹೇಳಲಿಲ್ಲೇನು?"

ಅಪ್ಪ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಲ್ಲಿ ಹುಡುಗರು ಬೈಕು ನಿಲ್ಲಿಸುತ್ತಿದ್ದರು. ಹಿರಿಯರು ನನ್ನ ಅರ್ಜಿಗೆ ಸಹಿ ಹಾಕಿದರು.

ಈ ಚಿತ್ರವನ್ನು ನಾನು ವರ್ಷಗಟ್ಟಲೆ ಇಟ್ಟುಕೊಂಡಿದ್ದೆ. ಕಾಲೇಜಿನ ನಾಲ್ಕು ವರ್ಷ ಅಪ್ಪನೊಂದಿಗೆ ಬೇಕಾದಷ್ಟೇ ಮಾತಾಡಿದೆ. ಮೊದಲ ಸಂಬಳದ ದಿನ ಅವರು ಪೇಢೆ ಹಂಚಿ ಬಂದರು. ನಾನು ತಿನ್ನಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದೆ. ನೆಂಟರ ಮುಂದೆ ಅವರು ನನ್ನ ಸೀಟಿನ ಕತೆ ತೆಗೆದಾಗಲೆಲ್ಲ ಎದ್ದು ಹೋಗುತ್ತಿದ್ದೆ. ನಾನು ನ್ಯಾಯದ ಪರ ಇದ್ದೇನೆ ಎಂಬ ಭಾವನೆ ಹಿತವಾಗಿತ್ತು. ಆ ನ್ಯಾಯದಿಂದ ಅಕ್ಕನಿಗೆ ಏನೂ ಸಿಗಲಿಲ್ಲ ಎನ್ನುವುದು ಬೇರೆ ಮಾತು.

ಅವಳನ್ನು 'ನಮ್ಮ ಕಡೆ'ಗೂ ಕೊಡಲಿಲ್ಲ. ಗಂಡ ದೌಂಡಿನ ಹತ್ತಿರದ ಕುರಕುಂಭದ ರಾಸಾಯನಿಕ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು, ಸೊಲ್ಲಾಪುರದ ಮನೆತನ. ಅತ್ತೆಗೆ ಪುರಾಣ ಬೇಕಾಗಿಲ್ಲ, ಟಿವಿಯ ಮರಾಠಿ ಧಾರಾವಾಹಿ ಸಾಕು. ಅಂಕಪಟ್ಟಿ ಸಿಕ್ಕ ಮುಂದಿನ ಶನಿವಾರ ನಾನು ದೌಂಡಿನ ರೈಲು ಹತ್ತಿ, ಅಲ್ಲಿಂದ ಶೇರ್ ಆಟೊ ಹಿಡಿದು ಅವಳ ಮನೆಗೆ ಹೋದೆ. ಮಟಮಟ ಮಧ್ಯಾಹ್ನ. ಗಾಳಿಯಲ್ಲಿ ಕೊಳೆತ ಮೊಟ್ಟೆಯಂಥ ವಾಸನೆ. ಅಕ್ಕ ನೆಲದ ಮೇಲೆ ಪೇಪರ್ ಹಾಸಿಕೊಂಡು, ಎಲೆ ಬಿಡಿಸುತ್ತ ಮೆಂತೆ ಪಲ್ಲೆ ಸೋಸುತ್ತಿದ್ದಳು.

"ಏನೋ, ಫೋನ್ ಇಲ್ಲ ಏನಿಲ್ಲ! ಕೆಲಸಾ ಹೋತೇನು?"

"ಇಲ್ಲ. ಸುಮ್ನ ಬಂದೆ."

"ಕುರಕುಂಭಕ್ಕ ಸುಮ್ನ ಯಾರೂ ಬರೂದಿಲ್ಲ. ಕೂಡು, ಪಲ್ಲೆ ಸೋಸು."

ಕೂತೆ. ನಾಲ್ಕು ದಂಟು ಮುರಿದ ಮೇಲೆ ಕೇಳಿದೆ. "ಅಕ್ಕಾ, ಸೀಇಟಿಯೊಳಗ ನಿಂಗ ಎಷ್ಟು ಬಂದಿದ್ದುವು?"

"ಅದನ್ನ ಕೇಳ್ಲಿಕ್ಕೆ ಗಾಡಿ ಹತ್ತಿ ಬಂದ್ಯಾ?"

"ಆ ಕಾಗದಾ ಎಲ್ಲದ?"

"ಗ್ಯಾಸಿನ ಮ್ಯಾಲೆ ಸುಟ್ಟೆ. ಬರ್ನರ್ ಹೊಲಸಾತು ಅಂತ ಅವ್ವನ ಕಡಿಂದ ಬೈಸಿಕೊಂಡೆ."

"ನಂಗಿಂತ ಜಾಸ್ತಿ ಇದ್ದುವು. ಹೌದಲ್ಲ?"

"ನಂದು ಎರಡನೂರಕ್ಕ, ನಿಂದು ಪರ್ಸೆಂಟೈಲ್. ಯಾವ ತಕ್ಕಡಿಯೊಳಗ ತೂಗ್ತಿ? ಬಿಡು ಅದನ್ನ."

ಬಿಡಲಾಗಲಿಲ್ಲ. ಮಾತು ಒತ್ತಿಕೊಂಡು ಬಂದಂತೆ ಹೇಳಿದೆ. "ಆವತ್ತು ಆ ಅಜ್ಜಾರು ಹಂಗ ಕೇಳಿದಾಗ ಅಪ್ಪಾ ಒಂದು ಮಾತರ ಆಡಬೇಕಿತ್ತು. ಕಿಟಕಿ ಹೊರಗ ನೋಡ್ಕೋತ ಕೂತ್ರು."

ಅವಳ ಕೈ ನಿಂತಿತು. "ಅಪ್ಪಾ ಎಲ್ಲಿದ್ರು ಅಲ್ಲೆ?"

"ಕಿಟಕಿ ಹತ್ರ. ಕುರ್ಚಿ ಮ್ಯಾಲೆ."

"ಹುಚ್ಚಪ್ಯಾಲಿ. ಅಪ್ಪಾ ಜೆರಾಕ್ಸ್ ಮಾಡಿಸ್ಲಿಕ್ಕೆ ಹೋಗಿದ್ರು. ನನ್ನ ದಾಖಲಾದ್ದು ಎರಡು ಒಯ್ದಿದ್ವಿ, ಅವರು ಮೂರು ಬೇಕು ಅಂದ್ರು. ಆ ಊರಾಚಿ ಜಾಗಾದಾಗ ಅಂಗಡಿ ಹುಡುಕಿ ಬರೂದಕ್ಕ ಅರ್ಧಾ ತಾಸು ಆತು. ಬರೂದರಾಗ ಎಲ್ಲಾ ಮುಗಿದಿತ್ತು."

"ಮತ್ತ ಕಿಟಕಿ ಕಡೆ?"

"ನೀ ಇದ್ದಿ. ನಾ ಓದ್ಲಿಕ್ಕೆ ಮೇಜಿನ ಹತ್ರ ಹೋದಾಗ ನೀ ಎದ್ದು ಅಲ್ಲಿ ಹೋಗಿ ಕೂತಿ. ಮಾರಿ ಕೆಂಪಗ ಮಾಡ್ಕೊಂಡು."

ಅವಳು ಮತ್ತೆ ಸೋಸತೊಡಗಿ, ಸಿಟ್ಟೇನೂ ಇಲ್ಲದ ದನಿಯಲ್ಲಿ ಹೇಳಿದಳು. "ಯಾರೂ ಹೇಳಲಿಲ್ಲೇನು ಅಂತ ಅಜ್ಜಾರು ನಂಗ ಕೇಳಿದ್ರು. ನಂಗ ಬಾಯಿ ಬರಲಿಲ್ಲ. ಆಮ್ಯಾಲೆ ಅವರು ನಿನ್ನ ಕಡೆ ನೋಡಿದ್ರು. ನೀ ಏನಂದಿ ನೆನಪದ ಏನು?"

"ಇಲ್ಲ."

"ಕ್ಲಾಸ್ ಯಾವಾಗ ಶುರು ಆಗ್ತಾವ್ರಿ ಅಂದಿ."

ಒಳಗೆ ಕುಕ್ಕರ್ ಕೂಗಿತು. ಅವಳು ಎದ್ದು ಹೋಗಿ ಗ್ಯಾಸ್ ಸಣ್ಣ ಮಾಡಿ ಬಂದಳು.

"ಸಿಟ್ಟು ಬರಲಿಲ್ಲೇನು ನಿಂಗ?"

"ಬಂತು. ಮನಿಗೆ ಬರೂತನಾ ಇತ್ತು. ನೀ ಹದಿನೆಂಟರಾಂವ. ಹದಿನೆಂಟರಾಗ ನಾನೂ ನನ್ನ ಸಲುವಾಗಿ ಬಾಯಿ ತೆಗದಿರಲಿಲ್ಲ, ನೀ ಏನು ತೆಗೀತಿ ಅಂದ್ಕೊಂಡೆ. ಅಪ್ಪಾಗ ಇದನ್ನ ತಿಳಿಸಬ್ಯಾಡ, ಸಂಕಟಾ ಪಡ್ತಾರ ಅಂತ ನಿಂಗ ಹೇಳಿದೆ. ನೀ ಹೂಂ ಅಂದಿ. ಪಾಪ, ಹೇಳಿದ ಮಾತು ಉಳಿಸ್ಕೊಂಡಿ ಅಂತ ನಾ ಇಷ್ಟು ದಿನಾ ತಿಳಕೊಂಡಿದ್ದೆ."

ಹಿಂದಿರುಗುವ ಗಾಡಿಯಲ್ಲಿ ಅವಳ ಮಾತನ್ನು ಅನುಮಾನಿಸಲು ನೋಡಿದೆ. ಅವಳ ನೆನಪೂ ನನ್ನ ನೆನಪಿನಂಥದ್ದೇ ತಾನೆ? ಅರ್ಧ ತಾಸು ಎನ್ನುವುದು ಹತ್ತು ನಿಮಿಷ ಇದ್ದಿರಬಹುದು. ಮೂರನೆಯ ಜೆರಾಕ್ಸಿನ ಕತೆ ಬೇರೆ ಯಾವುದೋ ಕಚೇರಿಯದಿರಬಹುದು. ಕೆಲಸದಲ್ಲಿ ಮಾಡುವಂತೆ ಒಂದೊಂದಾಗಿ ಪರೀಕ್ಷಿಸಿದೆ. ಆದರೆ ಅಪ್ಪನನ್ನು ಆ ಕುರ್ಚಿಯಲ್ಲಿ ಕೂರಿಸಿದ ನನ್ನ ಚಿತ್ರವನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೀಗೆ ಪರೀಕ್ಷಿಸಿರಲಿಲ್ಲ. ಬೈಕು ನಿಲ್ಲಿಸುವ ಹುಡುಗರನ್ನು ನಾನು ಕಿಟಕಿಯಿಂದ ನೋಡಿದ್ದೆ. ಮೇಜಿನೆದುರು ಕೂತವನಿಗೆ ಕೆಳಗಿನ ಅಂಗಳ ಕಾಣುವುದು ಹೇಗೆ? ಇಂಥ ತಪ್ಪನ್ನು ಕಚೇರಿಯಲ್ಲಿ ಹೊಸದಾಗಿ ಸೇರಿದವರೂ ಹಿಡಿಯುತ್ತಾರೆ.

ಅಪ್ಪ ಮಗಳಿಗಾಗಿ ಯಾರನ್ನೂ ಕೇಳಲಿಲ್ಲ, ಮಗನಿಗಾಗಿ ಊರೆಲ್ಲ ಕೇಳಿದರು. ಅದು ಹಾಗೆಯೇ ಇದೆ, ಅದಕ್ಕೆ ಯಾರ ನೆನಪೂ ಬೇಕಿಲ್ಲ. ಆದರೆ ಮಗಳು ಏನು ಕಳೆದುಕೊಂಡಳೆಂದು ಅವರಿಗೆ ಯಾರೂ ಹೇಳಿಯೇ ಇಲ್ಲ. ಗೊತ್ತಿದ್ದವರು ಇಬ್ಬರು. ಒಬ್ಬಳು ಅವರಿಗೆ ನೋವಾದೀತೆಂದು ಮುಚ್ಚಿಟ್ಟಳು. ಇನ್ನೊಬ್ಬನಿಗೆ ಕ್ಲಾಸು ಶುರುವಾಗುವುದಿತ್ತು.

ಮರುದಿನ ಭಾನುವಾರ. ಅಪ್ಪನ ಅಂಗಡಿಯ ಹಳೆಯ ಜೊತೆಗಾರರೊಬ್ಬರು ಮನೆಗೆ ಬಂದಿದ್ದರು. ಅವರ ಮೊಮ್ಮಗಳು ಈ ವರ್ಷ ಪ್ರವೇಶ ಪರೀಕ್ಷೆ ಬರೆದಿದ್ದಾಳೆ, ಅಂಕ ಅಷ್ಟಕ್ಕಷ್ಟೆ. ಅಪ್ಪ ಎಂದಿನಂತೆ ನನ್ನ ಕತೆ ತೆಗೆದರು. ನಾಲ್ಕು ಸಲ ಶಾಲೆಗೆ ಅಲೆದದ್ದು, ಗುಮಾಸ್ತ ಬಾಯಿ ಗೇಲಿ ಮಾಡಿದ್ದು, ಎಲ್ಲ. ನಾನು ಈ ಸಲ ಎದ್ದು ಹೋಗಲಿಲ್ಲ. ಬಂದವರು ಕೇಳಿದರು: "ಮತ್ತ ಮಗಳಿಗೆ ಯಾಕ ಮಾಡಿಸಲಿಲ್ರಿ ಎಂಜಿನಿಯರಿಂಗು?"

"ಆಕಿಗೆ ಓದೂದರ ಮ್ಯಾಲೆ ಅಷ್ಟು ಮನಸ್ಸಿದ್ದಿಲ್ಲ ಬಿಡ್ರಿ" ಎಂದರು ಅಪ್ಪ. ಅವರ ಮುಖದಲ್ಲಿ ಕಪಟವೇನೂ ಇರಲಿಲ್ಲ. ಹೀಗೇ ಆದದ್ದು ಎಂದು ನಂಬಿದವರ ಮುಖ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ಹೌದಲ್ಲೋ?"

"ಹೂಂ" ಎಂದೆ.

ಅಕ್ಕ ತಿಳಿಸಬೇಡ ಎಂದಿದ್ದಾಳೆ, ಅದು ಒಳ್ಳೆಯ ಕಾರಣವೇ. ಆದರೆ ನಾನು ಹೂಂ ಎಂದದ್ದು ಆ ಕಾರಣಕ್ಕಲ್ಲ. ಬಾಯಿ ಬಿಟ್ಟರೆ ಆವತ್ತು ನಾನು ಕೇಳಿದ್ದೇನೆಂಬುದನ್ನೂ ಹೇಳಬೇಕಾಗುತ್ತಿತ್ತು.